ಗ್ರೀಸಿನಡಿಯ ರೈಫಲ್‌ಗಳು

ನಮ್ಮ ಮಾವ, ಎಂದರೆ ನನ್ನ ಗಂಡನ ತಂದೆ, ಸೇನೆಯಲ್ಲಿ ಬಂದೂಕು ದುರಸ್ತಿ ಮಾಡುವ ಹವಾಲ್ದಾರರಾಗಿದ್ದವರು. ನಿವೃತ್ತರಾಗಿ ಕಲ್ಲುಗುಂಡಿಯ ಮನೆಗೆ ಬಂದ ಮೇಲೆ ಆ ವಿಷಯವನ್ನು ಅವರಾಗಿ ಎತ್ತಿದ್ದು ಕಡಿಮೆ. ಅವರ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಸುಳ್ಯದಲ್ಲಿ, ನಾನು ಪಾಠ ಮಾಡುವ ಕಾಲೇಜಿನ ಹಿತ್ತಲಿನಲ್ಲಿ.

ಇತಿಹಾಸದ ಜೊತೆಗೆ ಕೆಡೆಟ್ ತಂಡದ ಜವಾಬ್ದಾರಿಯೂ ನನ್ನದೇ. ಆ ಬೇಸಿಗೆಯಲ್ಲಿ ಕವಾಯತಿಗೆಂದು ಸೇನೆಯ ಹಳೆಯ ರೈಫಲ್‌ಗಳು ಮರದ ಪೆಟ್ಟಿಗೆಗಳಲ್ಲಿ ಬಂದಿಳಿದವು. ಗುಂಡು ಹಾರದಂತೆ ನಳಿಗೆಗೆ ತೂತು ಕೊರೆದು, ಹೆಗಲಿಗೇರಿಸಲಷ್ಟೇ ಉಳಿಸಿದಂಥವು. ಎಣ್ಣೆಕಾಗದ ಬಿಚ್ಚಿದರೆ ಒಳಗೆ ಬರೀ ಗ್ರೀಸು. ತುಕ್ಕು ಹಿಡಿಯದಿರಲೆಂದು ಯಾವ ಕಾಲದಲ್ಲೋ ಬಳಿದದ್ದು, ಹಳೆಯ ಬೆಲ್ಲದಂತೆ ಕಂದುಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ ಕೂತಿತ್ತು. ಸೋಪುನೀರು ಹಾಕಿ ಉಜ್ಜಿದೆ. ಗ್ರೀಸು ನನ್ನ ಮೊಣಕೈವರೆಗೆ ಬಂತೇ ಹೊರತು ಕಬ್ಬಿಣ ಕಾಣಲಿಲ್ಲ.

ಸಂಜೆ ಮನೆಯಲ್ಲಿ ಮಾವನಿಗೆ ಕೈ ತೋರಿಸಿದೆ. ಮೂಸಿ ನೋಡಿ ನಕ್ಕರು.

"ಸೋಪಿಗೆ ಇದು ಎಲ್ಲಿ ಹೋಗ್ತದೆ ಮಗಾ? ನಾಳೆ ನಾನೂ ಬರ್ತೇನೆ. ಹಳೇ ಬನಿಯನ್ ಎಲ್ಲ ಒಟ್ಟು ಮಾಡು."

ಮರುದಿನ ರಜೆ. ಕಾಲೇಜಿನ ಹಿತ್ತಲಲ್ಲಿ ಮಾವ ಅಡಿಕೆ ಹಾಳೆ ಹಾಸಿ, ರೈಫಲ್‌ಗಳನ್ನು ಬಿಸಿಲಿಗೆ ಓರೆಯಾಗಿ ಒರಗಿಸಿದರು. ಕಾದಂತೆ ಗ್ರೀಸು ಕರಗಿ ಹಾಳೆಗಿಳಿಯತೊಡಗಿತು. ಕಬ್ಬಿಣಕ್ಕೆ ಡೀಸೆಲ್ ಮತ್ತು ಬ್ರಶ್ಶು, ಸಂದುಗಳಿಗೆ ಬಿದಿರಿನ ಕಡ್ಡಿ, ಮರದ ಹಿಡಿಗೆ ಬರೀ ಬಟ್ಟೆ. ಯಾವುದೋ ಹಿಂದಿ ಹಾಡು ಗುನುಗುತ್ತಾ, ಎಳೆ ಮಗುವಿನ ಕಿವಿ ಒರೆಸುವವರಂತೆ ಒರೆಸುತ್ತಿದ್ದರು. ಹಿಮದ ಮೇಲಿನ ಠಾಣೆಯಲ್ಲಿ ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಕಬ್ಬಿಣಕ್ಕೇ ಅಂಟಿಕೊಳ್ಳುತ್ತಿತ್ತಂತೆ.

"ನಳಿಗೆಯ ಬುಡದಲ್ಲಿ ತೂತು ಉಂಟಾ ಅಂತ ಬೆರಳಿಟ್ಟು ನೋಡು. ಆಮೇಲೆ ಆಚೆ ಇಡು" ಎಂದರು.

ಹಾಗೇ ನೋಡುತ್ತಾ ಹೋದೆ. ಮಧ್ಯದಲ್ಲಿ ಒಂದರಲ್ಲಿ ಬೆರಳಿಗೆ ಏನೂ ಸಿಗಲಿಲ್ಲ. ಗ್ರೀಸು ಪೂರ್ತಿ ತೆಗೆದು ಮತ್ತೆ ಸವರಿದೆ.

"ಮಾವ, ಇದರಲ್ಲಿ ತೂತೇ ಇಲ್ಲ."

ಅವರ ಹಾಡು ನಿಂತಿತು. ರೈಫಲ್ ತೆಗೆದುಕೊಂಡು, ಒಳಗೆ ಗುಂಡಿಲ್ಲವೆಂದು ಮೊದಲು ಖಚಿತ ಮಾಡಿಕೊಂಡು, ಗುಂಡು ಸಿಡಿಸುವ ಹಿಂದಿನ ಬೋಲ್ಟನ್ನು ಕಳಚಿ ನೋಡಿದರು. ಅದೂ ಸರಿಯಾಗಿಯೇ ಇತ್ತು.

"ಇದು ಜೀವ ಇರುವ ಬಂದೂಕು. ಗುಂಡು ಹಾಕಿದ್ರೆ ಹಾರ್ತದೆ."

ವಿಷಯ ತಿಳಿದು ಪ್ರಾಂಶುಪಾಲೆ ಮನೆಯಿಂದ ಓಡಿ ಬಂದರು. ಒಳ್ಳೆಯ ಹೆಂಗಸು, ಆದರೆ ಗಾಬರಿಯಾಗಿದ್ದರು. "ಪುನಃ ಗ್ರೀಸು ಹಚ್ಚಿ ಪೆಟ್ಟಿಗೆಗೆ ಹಾಕಿದ್ರೆ ಆಗುದಿಲ್ವಾ? ನಿಧಾನಕ್ಕೆ ವಾಪಸ್ ಕಳಿಸುವ. ಸುಮ್ಮನೆ ಪೊಲೀಸು, ಪೇಪರು ಅಂತ ಯಾಕೆ?"

"ಆಗುದಿಲ್ಲ ಮೇಡಂ" ಎಂದರು ಮಾವ, ದನಿ ಏರಿಸದೆ. "ಕಂಡದ್ದನ್ನು ಮುಚ್ಚಿಟ್ರೆ ನಾಳೆ ಯಾರ ಕೈಗೆ ಸಿಗ್ತದೆ ಅಂತ ನಮಗೆ ಗೊತ್ತುಂಟಾ? ಈಗಲೇ ಫೋನ್ ಮಾಡುವ."

ಆಗ ನನ್ನ ಕೆಲಸ ಕಾಯಂ ಆಗಿರಲಿಲ್ಲ. ಪ್ರಾಂಶುಪಾಲೆ ನನ್ನತ್ತ ನೋಡಿದರು. ಆದರೂ ನಾನು ಮಾವನ ಮಾತಿನಂತೆಯೇ, ರೈಫಲ್‌ಗಳನ್ನು ಕಳಿಸಿದ್ದ ಮಂಗಳೂರಿನ ಸೇನಾ ಅಧಿಕಾರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಮಾವ ರೈಫಲನ್ನು ಕಾಲೇಜಿನ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿಸಿದರು. ಬೋಲ್ಟನ್ನು ಬೇರೆ ಕಪಾಟಿಗೆ ಸೇರಿಸಿದರು. ಆಮೇಲೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತರು. ಊಟಕ್ಕೆ ಕರೆದರೆ ಏಳಲಿಲ್ಲ, ಬುತ್ತಿ ಅಲ್ಲಿಗೇ ಒಯ್ದೆ. ಸ್ವಲ್ಪ ಹೊತ್ತಿನಲ್ಲಿ ಪ್ರಾಂಶುಪಾಲೆಯೇ ಚಹಾ ತಂದು, ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತರು.

ಇಳಿಹೊತ್ತಿಗೆ ಜೀಪು ಬಂತು. ಎಳೆಯ ವಯಸ್ಸಿನ ಅಧಿಕಾರಿ ಪರೀಕ್ಷಿಸಿ, ಬೆವರು ಒರೆಸಿಕೊಂಡು, "ಯಾರು ಕಂಡುಹಿಡಿದದ್ದು?" ಎಂದು ಕೇಳಿದರು.

"ನಮ್ಮ ಸೊಸೆ" ಎಂದರು ಮಾವ. ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಎದುರಿಸಲಾರದೆ ನಾನು ನೆಲ ನೋಡಿದೆ.

ರೈಫಲ್ ಹೋಯಿತು. ಯಾರೂ ನಮ್ಮನ್ನು ಗದರಲಿಲ್ಲ. ಬಸ್ಸಿನಲ್ಲಿ ಕೇಳಿದೆ, "ನಿಮಗೆ ಹೆದರಿಕೆ ಆಗ್ಲಿಲ್ವಾ ಮಾವ?"

"ಆಗದೆ ಎಂತ? ಕಾಲು ನಡುಗುತ್ತಿತ್ತು. ಅದಕ್ಕೇ ಕೂತದ್ದು."

ಮುಂದಿನ ರಜೆಯಲ್ಲಿ ಉಳಿದವನ್ನು ತೊಳೆಯಲು ಹೋದಾಗ ಪ್ರಾಂಶುಪಾಲೆ ನಮಗಿಂತ ಮೊದಲೇ ಹಿತ್ತಲಿಗೆ ಬಂದಿದ್ದರು, ಹಳೆಯ ಸೀರೆ ಹರಿದು ಚಿಂದಿ ಮಾಡಿಟ್ಟುಕೊಂಡು.