ಮೂರನೆಯ ಹಾಸಿಗೆ

ಅಕ್ಕನ ಫೋನ್ ಬಂದಾಗ ಅಮ್ಮ ನಮ್ಮ ಊಟದ ಮೇಜಿನ ಹತ್ತಿರ ಕುಳಿತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಅಕ್ಕ ಇರುವುದು ತಿರುಪ್ಪೂರಿನಲ್ಲಿ, ಭಾವನದು ಬನಿಯನ್ ವ್ಯಾಪಾರ. ನಾನು ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಅಪ್ಪ ತೀರಿಕೊಂಡಂದಿನಿಂದ ಅಮ್ಮ ನನ್ನ ಜೊತೆಗಿದ್ದಾಳೆ.

"ಸಿಂಗಪುರದಿಂದ ಹೊರಡೋ ಹಡಗು ಕಣೇ," ಎಂದಳು ಅಕ್ಕ. "ಬರೋ ವರ್ಷ ಅಲ್ಲ, ಅದರ ಮುಂದಿನ ವರ್ಷದ ಬೇಸಿಗೆ ಲೀವಿಗೆ. ಬುಕ್ ಮಾಡಿಬಿಟ್ಟೆ. ನಾವಿಬ್ರು, ಅಮ್ಮ. ಬಾಲ್ಕನಿ ಇರೋ ರೂಮು, ಮೂರು ಜನ ಮಲಗೋದು."

"ಅಮ್ಮನ್ನ ಕೇಳಿದ್ಯಾ?"

"ಕೇಳೋದೇನಿದೆ? ಬರ್ತಾಳೆ. ನೀವೂ ಬನ್ನಿ. ನಿಮ್ಮ ರೂಮು ನೀವು ಹಾಕ್ಕೊಳ್ಳಿ."

ಫೋನನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಒದ್ದೆ ಬೆರಳನ್ನು ಸೀರೆಗೆ ಒರೆಸಿಕೊಂಡು ಕೇಳುತ್ತಾ ಕೇಳುತ್ತಾ ನಕ್ಕಳು. ಹಾಗೆ ನಕ್ಕದ್ದನ್ನು ನಾನು ಬಹಳ ತಿಂಗಳಿಂದ ನೋಡಿರಲಿಲ್ಲ. ಬಿಪಿ ಮಾತ್ರೆ, ಮಂಡಿ ಎಣ್ಣೆ, ಕಣ್ಣಿನ ಡಾಕ್ಟರು, ಇಷ್ಟೆಲ್ಲ ನನ್ನ ಪಾಲಿಗೆ. ಸಮುದ್ರ ಮತ್ತು ಈ ನಗು ಅಕ್ಕನ ಪಾಲಿಗೆ. ನನಗೆ ಹೊಟ್ಟೆಯೊಳಗೆ ಏನೋ ಸುಟ್ಟ ಹಾಗಾಯಿತು. ಅದಕ್ಕೆ ಹೊಟ್ಟೆಕಿಚ್ಚು ಎನ್ನುವುದು ಎಷ್ಟು ಸರಿ ಎಂದು ಆ ದಿನ ಗೊತ್ತಾಯಿತು.

ನಾವೂ ಹೋಗೋಣವೆಂದು ಗಂಡನಿಗೆ ಹೇಳಿದೆ. "ಇನ್ನೂ ಒಂದು ವರ್ಷದ ಮೇಲಿದೆ. ಹಡಗೇನು ಬಸ್ಸಾ, ಸೀಟು ತುಂಬಿ ಹೋಗೋಕೆ?" ಎಂದರು. ನನಗೂ ಅಕ್ಕನ ಹಿಂದೆಯೇ ಓಡಿದ ಹಾಗೆ ಕಾಣುವುದು ಬೇಕಿರಲಿಲ್ಲ. ಬಿಟ್ಟೆವು. ಪರೀಕ್ಷೆಗಳು ಬಂದವು, ಹೋದವು. ಗಾಂಧಿಪುರದ ಟ್ರಾವೆಲ್ಸ್ ಆಫೀಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ದೀಪಾವಳಿಯೂ ಕಳೆದಿತ್ತು.

ಆ ಆಫೀಸು ನಡೆಸುತ್ತಿದ್ದಾಕೆಗೆ ನನ್ನದೇ ವಯಸ್ಸು, ಮಾತು ಚುರುಕು. ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ಹಡಗಿನ ನಕ್ಷೆ ತೋರಿಸಿದರು. ಒಂದರ ಮೇಲೊಂದು ಅಂತಸ್ತು, ಒಂದೊಂದರಲ್ಲೂ ಇರುವೆ ಸಾಲಿನ ಹಾಗೆ ಕೋಣೆಗಳು. ಖಾಲಿ ಇರುವವು ಬಿಳಿ, ಹೋದವು ಬೂದು. ಬಿಳಿಯೇ ಹೆಚ್ಚಾಗಿ ಕಂಡದ್ದರಿಂದ ನನಗೆ ಧೈರ್ಯ ಬಂತು.

"ಬಾಲ್ಕನಿ ಇರೋದು, ಮೂರು ಜನಕ್ಕೆ," ಎಂದೆ. ಅಮ್ಮನನ್ನು ನನ್ನ ಕೋಣೆಗೆ ತಂದುಕೊಳ್ಳುವ ಯೋಚನೆ ಆಗಲೇ ಇತ್ತು.

"ಇಲ್ಲೀಂಗ ಮೇಡಂ," ಎಂದು ಆಕೆ ತಮಿಳಿನಲ್ಲೇ ವಿವರಿಸಿದರು. ಹಡಗಿನ ಮುಕ್ಕಾಲು ಪಾಲು ಕೋಣೆಗಳು ಇಬ್ಬರಿಗೆ ಮಾತ್ರ. ಮೂರನೆಯ ಹಾಸಿಗೆ ಇರುವವು ಕೆಲವೇ, ಬುಕಿಂಗ್ ತೆರೆದ ಕೂಡಲೇ ಮಕ್ಕಳಿರುವವರು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಅವನ್ನು ಹಿಡಿದುಬಿಡುತ್ತಾರೆ. ಹಡಗಿನ ನಡುಭಾಗ ಕಡಿಮೆ ತೂಗಾಡುತ್ತದೆ, ಆದ್ದರಿಂದ ಅದೂ ಬೇಗ ಮುಗಿಯುತ್ತದೆ.

"ಇಷ್ಟೊಂದು ಬಿಳಿ ಇದೆಯಲ್ಲ. ಒಂದರಲ್ಲಿ ಇನ್ನೊಂದು ಹಾಸಿಗೆ ಹಾಕಿಕೊಡಲಿ."

"ಹಾಕಲ್ಲ. ಜೀವರಕ್ಷಕ ದೋಣಿ ಲೆಕ್ಕ ಮೇಡಂ. ಹಡಗಿನ ಆ ಭಾಗಕ್ಕೆ ಇಷ್ಟು ದೋಣಿ, ಅದರಲ್ಲಿ ಇಷ್ಟು ಜನ. ಅದು ತುಂಬಿದರೆ ಕೋಣೆ ಖಾಲಿ ಇದ್ದರೂ ಮೂರನೆಯವರಿಗೆ ಜಾಗ ಇಲ್ಲ."

ಇಬ್ಬರಿಗೆ ಬಾಲ್ಕನಿ ಕೊಡಲೇ ಎಂದು ಕೇಳಿದರು. ಅಮ್ಮ ಇಲ್ಲದ ಬಾಲ್ಕನಿ ಯಾಕೆ ಎನಿಸಿ, ಕಿಟಕಿಯೇ ಇಲ್ಲದ ಒಳಕೋಣೆ ಹೇಳಿದೆ. ಅದಕ್ಕೆ ಈಗಲೇ ಕೋಣೆ ನಂಬರ್ ಕೊಡುವುದಿಲ್ಲ, ಯಾವುದು ಉಳಿಯುತ್ತದೋ ಅದನ್ನು ಹೊರಡುವ ಮುಂಚೆ ಹಡಗಿನವರೇ ಕೊಡುತ್ತಾರಂತೆ. ಎದ್ದು ಹೊರಡುವಾಗ ಆಕೆ ಒಂದು ಮಾತು ಹೇಳಿದರು. ದೊಡ್ಡ ಟ್ರಾವೆಲ್ಸ್‌ನವರು ಗುಂಪುಗಳಿಗೆಂದು ಕೋಣೆ ಹಿಡಿದಿಟ್ಟುಕೊಂಡಿರುತ್ತಾರೆ, ಪೂರ್ತಿ ಹಣ ಕಟ್ಟುವ ಗಡುವು ಹತ್ತಿರವಾದಾಗ ಮಾರಾಟವಾಗದ್ದನ್ನು ವಾಪಸ್ ಬಿಡುತ್ತಾರೆ. ಈಗ ಬೂದು ಕಾಣುವುದು ಆಗ ಬಿಳಿಯಾಗಬಹುದು. "ಬಂದರೆ ಫೋನ್ ಮಾಡ್ತೀನಿ, ಆದರೆ ನಂಬಿ ಕೂತ್ಕೋಬೇಡಿ."

ನಾನು ನಂಬಿಯೇ ಕುಳಿತೆ.

ಪೊಂಗಲ್ ಹಬ್ಬಕ್ಕೆ ತಿರುಪ್ಪೂರಿಗೆ ಹೋದಾಗ ಅಕ್ಕ ಆ ನಕ್ಷೆಯನ್ನು ಪ್ರಿಂಟ್ ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ತನ್ನ ಕೋಣೆಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದಳು. "ಸರಿಯಾಗಿ ನಡು ಮಧ್ಯ. ಅಮ್ಮಂಗೆ ತಲೆ ಸುತ್ತಬಾರದಲ್ಲ. ಲಿಫ್ಟೂ ಹತ್ರ. ಮೇಲೂ ರೂಮು, ಕೆಳಗೂ ರೂಮು, ಡ್ಯಾನ್ಸ್ ಗೀನ್ಸ್ ಸದ್ದು ಬರಲ್ಲ. ಎಲ್ಲಾ ನೋಡೇ ಹಿಡಿದೆ."

ಬಾಲ್ಕನಿಗಿಂತ ನನ್ನನ್ನು ಚುಚ್ಚಿದ್ದು ಇದು. ಅಮ್ಮನಿಗೆ ತಲೆ ಸುತ್ತುತ್ತದೆ ಎಂಬುದು ನನಗೆ ತಾನೇ ಮೊದಲು ಹೊಳೆಯಬೇಕಿದ್ದದ್ದು? ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ದಿನಗಳಿಂದ ಹೀಗೆಯೇ. ಅಪ್ಪನ ಪಾಸಿನಲ್ಲಿ ರೈಲು ಹತ್ತಿದರೆ ನಾನು ನೀರಿನ ಕೂಜ ಹಿಡಿದು ಬರುವಷ್ಟರಲ್ಲಿ ಅಕ್ಕ ಕಿಟಕಿಯ ಹತ್ತಿರ ಅಮ್ಮನ ಮಡಿಲಿಗೆ ಒರಗಿ ಕುಳಿತಿರುತ್ತಿದ್ದಳು. ಅವಳು ಯಾರಿಂದಲೂ ಏನನ್ನೂ ಕಿತ್ತುಕೊಂಡವಳಲ್ಲ. ಮೊದಲು ಹೋಗಿ ಕುಳಿತಿರುತ್ತಾಳೆ, ಅಷ್ಟೆ. ಜಗಳವಾಡುವುದಕ್ಕೂ ನನಗೆ ಕಾರಣ ಸಿಗುತ್ತಿರಲಿಲ್ಲ.

ಮಾರ್ಚಿಗೆ ಸ್ವಲ್ಪ ಮುಂಚೆ ನಾನು ಸ್ಟಾಫ್ ರೂಮಿನಲ್ಲಿದ್ದಾಗ ಟ್ರಾವೆಲ್ಸಿನಾಕೆಯ ಫೋನ್ ಬಂತು. ಯಾವುದೋ ಗುಂಪಿನವರು ಕೋಣೆಗಳನ್ನು ಬಿಟ್ಟಿದ್ದರು. ಬಾಲ್ಕನಿ, ಮೂರು ಹಾಸಿಗೆ, ಹಡಗಿನ ಹಿಂಭಾಗ. ಅಮ್ಮನ ಹೆಸರನ್ನು ಅಕ್ಕನ ಬುಕಿಂಗಿನಿಂದ ತೆಗೆದು ಇದಕ್ಕೆ ಸೇರಿಸಬಹುದು, ಅಕ್ಕ ಒಪ್ಪಬೇಕು, ಸಂಜೆಯೊಳಗೆ ಹೇಳಬೇಕು. ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಬಂದೆ. ಸ್ಕೂಟಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅಕ್ಕನ ಜೊತೆ ವಾದ ಮಾಡಿ ಗೆದ್ದೆ.

ಅಮ್ಮ ಟಿವಿ ನೋಡುತ್ತಿದ್ದಳು. ಸದ್ದು ಕಡಿಮೆ ಮಾಡಿ ಎಲ್ಲ ಹೇಳಿದೆ. ಮುದ್ದಿಗೆ ಅವಳು ನನ್ನನ್ನು ಕರೆಯುವುದು ಕಣ್ಣು ಎಂದೇ.

"ಬೇಡ ಕಣ್ಣು. ಅವಳ ಜೊತೇಲೆ ಇರ್ತೀನಿ."

"ಯಾಕೆ? ನಿನ್ನ ಮಾತ್ರೆ, ನಿನ್ನ ಕಾಲು, ಅವಳಿಗೇನು ತಿಳಿಯುತ್ತೆ?"

"ಅದಕ್ಕೇ ಬೇಡ ಅಂದೆ. ನಿನ್ ಜೊತೆ ಬಂದ್ರೆ ಮನೇಲಿದ್ದ ಹಾಗೇ ಇರುತ್ತೆ. ಮಾತ್ರೆ ಆಯ್ತಾ, ನೀರು ಕುಡಿದ್ಯಾ, ಸ್ವೆಟರ್ ಹಾಕ್ಕೋ. ನಾಲ್ಕು ದಿನ ಊರಿಗೆ ಹೋಗೋದು ಅಂದ್ರೆ ಊರಿಗೆ ಹೋದ ಹಾಗಿರಬೇಕು." ಆಮೇಲೆ ನನ್ನ ಮುಖ ನೋಡಿ, "ಕೋವಿಸ್ಕೋಬೇಡ," ಎಂದಳು.

ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಸುಲಭವಾಗುತ್ತಿತ್ತು. ಒಳಗೆ ಹೋಗಿ ಆ ಕೋಣೆ ಬೇಡವೆಂದು ಫೋನ್ ಮಾಡಿ ಹೇಳಿದೆ. ಅಕ್ಕನಿಗೆ ಈ ವಿಷಯ ಹೇಳಲಿಲ್ಲ. ಅಮ್ಮ ತನ್ನನ್ನೇ ಆರಿಸಿಕೊಂಡಳು ಎಂಬ ಸಂತೋಷವನ್ನು ನನ್ನ ಕೈಯಾರೆ ಅವಳಿಗೆ ಒಯ್ದು ಕೊಡಲು ಮನಸ್ಸಾಗಲಿಲ್ಲ.

ಹಡಗಿನವರು ನಮಗೆ ಕೊಟ್ಟದ್ದು ತೀರಾ ಮುಂದಿನ ತುದಿಯ ಕೋಣೆ. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು. ಗಂಡನಿಗೆ ಅಲ್ಲಿ ಗಾಢ ನಿದ್ದೆ. ಮೊದಲ ಬೆಳಗ್ಗೆ ಉದ್ದನೆಯ ಕಾರಿಡಾರು ನಡೆದು ಅಕ್ಕನ ಕೋಣೆಗೆ ಹೋದೆ. ಬಾಲ್ಕನಿಯ ಕುರ್ಚಿಯಲ್ಲಿ ಅಮ್ಮ ಅಕ್ಕನ ಶಾಲು ಹೊದ್ದು ಕುಳಿತಿದ್ದಳು. ಕೆಳಗೆ ನೀರು ಹಸಿರಾಗಿ ಸರಿಯುತ್ತಿತ್ತು. ಸ್ವೆಟರ್ ಹಾಕಿರಲಿಲ್ಲ. ನಾನು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆ.

ಅಕ್ಕನ ಕಣ್ಣು ಮಾತ್ರ ಕೆಂಪಾಗಿತ್ತು. ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು. "ಅಮ್ಮ ರಾತ್ರಿ ಪೂರಾ ಹೊರಳಾಡಿದ್ಲು ಕಣೇ. ನಿದ್ದೇನೇ ಇಲ್ಲ. ಮನೇಲಿ ನೀನು ಏನ್ ಮಾಡ್ತೀಯ?"

ಆ ಕ್ಷಣ ನನಗೆ ಎಷ್ಟು ಹಿತವಾಯಿತು ಎಂದು ಹೇಳಲಾರೆ. ಬಾಲ್ಕನಿ, ನಡುಭಾಗ, ಲಿಫ್ಟು, ಎಲ್ಲ ಅವಳ ಹತ್ತಿರವಿತ್ತು, ಇದೊಂದು ಇರಲಿಲ್ಲ. ಸ್ವಲ್ಪ ತಡೆದು ಹೇಳಿದೆ. "ಟವಲ್ ಸುತ್ತಿ ಎರಡೂ ಮಂಡಿ ಕೆಳಗೆ ಇಡು. ಬಾತ್‌ರೂಮ್ ಲೈಟ್ ಹಾಕಿ ಬಾಗಿಲು ಓರೆಯಾಗಿ ಬಿಡು. ಪೂರ್ತಿ ಕತ್ತಲಾದ್ರೆ ಅವಳಿಗೆ ಆಗಲ್ಲ."

"ಇಷ್ಟೇನಾ?"

"ಇಷ್ಟೇ."

ಮರುದಿನ ಅಮ್ಮ ಲವಲವಿಕೆಯಿಂದಿದ್ದಳು. ಇಡ್ಲಿ ಕಲ್ಲಿನ ಹಾಗಿದೆ ಎಂದು ನಗುತ್ತಲೇ ಎರಡು ತಿಂದಳು. ಊರಿಗೆ ಮರಳಿದ ಮೇಲೆ ಎದುರು ಮನೆಯವರು ವಿಚಾರಿಸಲು ಬಂದಾಗ ತಮಿಳಿನಲ್ಲಿ ಅವಳು ಮೊದಲು ಹೇಳಿದ್ದು ಸಮುದ್ರದ ಸುದ್ದಿಯಲ್ಲ. "ನಮ್ಮ ದೊಡ್ಡವಳು ಎಷ್ಟು ಚೆನ್ನಾಗಿ ನೋಡಿಕೊಂಡಳು ಗೊತ್ತಾ? ಮಂಡಿ ಕೆಳಗೆ ಟವಲ್ ಸುತ್ತಿ ಇಡುತ್ತಿದ್ದಳು." ನಾನು ಕಾಫಿ ತಂದು ಅವರ ಮುಂದಿಟ್ಟೆ. ಈ ಮನೆಯಲ್ಲಿ ಪ್ರತಿ ದಿನ ಆ ಟವಲ್ ಇಡುವವಳು ನಾನು. ಅದು ಅಮ್ಮನಿಗೆ ಗೊತ್ತಿಲ್ಲವೆಂದಲ್ಲ. ದಿನವೂ ಆಗುವುದನ್ನು ಯಾರೂ ಎದುರು ಮನೆಯವರಿಗೆ ಹೇಳುವುದಿಲ್ಲ.

ಆ ವಾರವೇ ಟ್ರಾವೆಲ್ಸಿನಾಕೆಗೆ ಫೋನ್ ಮಾಡಿ, ಮುಂದಿನ ಹಡಗುಗಳ ಬುಕಿಂಗ್ ತೆರೆದ ಕೂಡಲೇ ತಿಳಿಸಿ ಎಂದೆ. ತೆರೆದ ದಿನ ನಕ್ಷೆಯ ತುಂಬ ಬಿಳಿಯೇ ಬಿಳಿ. ನಡುಭಾಗ, ಬಾಲ್ಕನಿ, ಮೂರು ಹಾಸಿಗೆ, ಬೇಕಾದ್ದನ್ನು ಬೆರಳಿಟ್ಟು ತೋರಿಸಬಹುದಿತ್ತು. ಆದರೆ ಹಾಗೆ ಬೆರಳಿಡುವ ಮುಂಚೆ ಅಮ್ಮನನ್ನು ಕೇಳಿದೆ.

"ಯಾವಾಗಕ್ಕೆ?" ಎಂದಳು. ಹೇಳಿದೆ. ಅವಳು ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿದಳು, ನಡುವೆ ನಿಲ್ಲಿಸಿದಳು. "ಅಷ್ಟು ದೂರ ಇದೆಯಾ? ಇದ್ರೆ ಬರ್ತೀನಿ ಕಣ್ಣು. ಹೆಸರು ಹಾಕು."

"ನನ್ನ ರೂಮಿಗೆ. ಸ್ವೆಟರ್ ಮಾತು ಎತ್ತಲ್ಲ."

"ಎತ್ತದೆ ಇರ್ತೀಯಾ ನೀನು," ಎಂದು ಟಿವಿ ಕಡೆ ತಿರುಗಿದಳು.

ಹೆಸರು ಹಾಕಿಸಿ ಸಂಜೆ ಅಕ್ಕನಿಗೆ ತಿಳಿಸಿದೆ. "ನನಗೊಂದು ಮಾತು ಹೇಳ್ಬಾರದಿತ್ತಾ?" ಎಂದಳು. ಸ್ವರ ಸ್ವಲ್ಪ ಒರಟಾಗಿತ್ತು. ಅದು ಎಂಥ ಸ್ವರವೆಂದು ನನಗೆ ಚೆನ್ನಾಗಿ ಗೊತ್ತು. ಅಯ್ಯೋ ಎನಿಸಬೇಕಿತ್ತು, ಎನಿಸಲಿಲ್ಲ. ಇಬ್ಬರ ಕೋಣೆಗಳು ಇನ್ನೂ ಬೇಕಾದಷ್ಟಿವೆ, ಬೇಗ ಹಿಡಿ ಎಂದು ಹೇಳಿ ಅಡುಗೆಗೆ ಎದ್ದೆ.