ಅಕ್ಕನ ದನಿಗೆ ನಾಲ್ಕು ಟೈರು

ಹೆದ್ದಾರಿಯುದ್ದಕ್ಕೂ ಇರುವ ಕಾರ್ಖಾನೆ, ಗೋದಾಮುಗಳಲ್ಲಿ ಅವನನ್ನು ತೂಕಣ್ಣ ಎಂದೇ ಕರೆಯುತ್ತಿದ್ದರು. ತೂಗುವ ಯಂತ್ರಗಳು ಸರಿಯಾಗಿ ತೂಗುತ್ತಿವೆಯೇ ಎಂದು ನೋಡುವುದು ಅವನ ಕೆಲಸ. ಎಸ್‌ಯುವಿಯ ಹಿಂದಿನ ಸೀಟು ಮಡಚಿ, ಹಳೆಯ ಕಂಬಳಿ ಹಾಸಿ, ಅದರ ಮೇಲೆ ಕಬ್ಬಿಣದ ತೂಕದ ಬಟ್ಟುಗಳನ್ನು ಮಕ್ಕಳನ್ನು ಮಲಗಿಸುವ ಹಾಗೆ ಮಲಗಿಸಿಕೊಂಡು ಬೆಳಕು ಹರಿಯುತ್ತಲೇ ಹೊರಡುತ್ತಿದ್ದ. ಬೆಳಗಿನ ಪಾಳಿ ಶುರುವಾಗುವ ಮೊದಲೇ ಕೆಲಸ ಮುಗಿಯಬೇಕು. ಸರಕು ಬಂದು ಯಂತ್ರದ ಮೇಲೆ ಕೂತಿತೆಂದರೆ ಆಮೇಲೆ ಅವನನ್ನು ಕೇಳುವವರಿಲ್ಲ. ಬಟ್ಟನ್ನು ಎತ್ತಿಡುವುದು, ಮುಳ್ಳು ನೋಡುವುದು, ತಿರುಪುಮೊಳೆ ತಿರುಗಿಸುವುದು, ಮತ್ತೆ ಎತ್ತುವುದು. ಇದರಲ್ಲಿ ಮಾತಿಗೆ ಜಾಗವಿರಲಿಲ್ಲ. ಯಾರು ಏನು ಕೇಳಿದರೂ "ಹೂಂ" ಎನ್ನುತ್ತಿದ್ದ. "ತೂಕಣ್ಣನ ಮಾತು ಒಂದಕ್ಷರ, ಅದಕ್ಕೂ ಬಟ್ಟು ಹಾಕಿ ಎತ್ತಬೇಕು" ಎಂದು ಹಮಾಲರು ನಗುತ್ತಿದ್ದರು.

ಮನೆಯೆಂದರೆ ಮಹಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಮಂಚ, ಇನ್ನೊಂದರಲ್ಲಿ ಏನೂ ಇಲ್ಲ. ಹೆಂಡತಿ ಬೇರೆ ಊರಿನಲ್ಲಿ ಬೇರೆ ಬದುಕು ಕಟ್ಟಿಕೊಂಡು ಬಹಳ ಕಾಲವಾಗಿತ್ತು. ಆ ಸಿಟ್ಟು ಕೂಡ ಸವೆದುಹೋಗಿ, ಈಗ ಸಿಟ್ಟಿನ ನೆನಪಷ್ಟೇ ಉಳಿದಿತ್ತು. ಅವನಿಗೆ ತನ್ನವರು ಅಂತ ಇದ್ದವಳು ಅಕ್ಕ ಒಬ್ಬಳೇ. ದೂರದ ಊರಿನಲ್ಲಿ, ಅವಳೂ ಒಂಟಿಯಾಗಿಯೇ ಇದ್ದಳು.

ಅಕ್ಕ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಮೈಕಿನಲ್ಲಿ ಕೂಗಿ ಹೇಳುವ ಕೆಲಸ ಮಾಡಿ ನಿವೃತ್ತಳಾದವಳು. ಬಸ್ಸು ಹೊರಟುಹೋಯಿತು ಎಂಬುದನ್ನೂ ಅವಳು ಎಷ್ಟು ಸಮಾಧಾನವಾಗಿ ಹೇಳುತ್ತಿದ್ದಳೆಂದರೆ, ತಪ್ಪಿಸಿಕೊಂಡವರು ಬಸ್ಸನ್ನು ಬೈಯುತ್ತಿದ್ದರೇ ಹೊರತು ಅವಳನ್ನು ಬೈಯುತ್ತಿರಲಿಲ್ಲ. ಅಂಥ ದನಿ ಈಗ ಸೋರಿಹೋಗುತ್ತಿತ್ತು. ಗಂಟಲಿನ ನರ ಸೋಲುತ್ತಿದೆ, ಇನ್ನು ಪಿಸುಮಾತಾಗಬಹುದು, ಆಮೇಲೆ ಅದೂ ನಿಲ್ಲಬಹುದು ಎಂದಿದ್ದರು ಡಾಕ್ಟರು. ಬೆಳಗ್ಗೆ ಎದ್ದಾಗ ಒಂದಿಷ್ಟು ದನಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಖಾಲಿ. ಆ ಒಂದಿಷ್ಟನ್ನು ಅವಳು ತಮ್ಮನಿಗೆಂದೇ ಎತ್ತಿಟ್ಟು ಫೋನ್ ಮಾಡುತ್ತಿದ್ದಳು.

ಆ ಹೊತ್ತಿಗೆ ತಮ್ಮ ಹೆದ್ದಾರಿಯಲ್ಲಿ. ಗಾಡಿಯನ್ನು ಮೊದಲು ಇಟ್ಟುಕೊಂಡಿದ್ದವನು ಗುಡ್ಡ ಹತ್ತುವ ಶೋಕಿಯವನು. ಇಟ್ಟಿಗೆಯಷ್ಟಷ್ಟು ದಪ್ಪ ರಬ್ಬರ್ ಗಟ್ಟಿಗಳಿರುವ ಟೈರು ಹಾಕಿಸಿದ್ದ. ವೇಗ ಹಿಡಿದರೆ ಸಾಕು, ಖಾಲಿ ಪೀಪಾಯಿಯೊಳಗೆ ಜೇನುಹುಳ ಎದ್ದ ಹಾಗೆ ಗುಂಯ್ ಎಂದು ಶುರು. ಆ ಗದ್ದಲದಲ್ಲಿ ಅಕ್ಕನ ಮಾತು ಅಲ್ಲೊಂದು ಇಲ್ಲೊಂದು ತೇಲಿ ಬರುತ್ತಿತ್ತು. ಉಳಿದದ್ದಕ್ಕೆ ಅವನು ದನಿಯ ಏರಿಳಿತ ನೋಡಿಕೊಂಡು ಹೂಂಗುಟ್ಟುತ್ತಿದ್ದ. ಒಮ್ಮೆ ಹೀಗೇ ಹೂಂಗುಟ್ಟಿದ್ದಕ್ಕೆ ಆ ಕಡೆಯಿಂದ "ಅಷ್ಟೇನಾ?" ಎಂದು ಕೇಳಿಸಿತು. ಆಮೇಲೆ ಅಕ್ಕ ಇಟ್ಟುಬಿಟ್ಟಳು. ತಾನು ಯಾವುದಕ್ಕೆ ಹೂಂ ಎಂದೆ ಎಂದು ಅವನಿಗೆ ಗೊತ್ತಾಗಲಿಲ್ಲ. ಮತ್ತೆ ಕೇಳಲು ನಾಚಿಕೆ. ಅವಳ ದನಿ ಇರುವಷ್ಟು ದಿನವಾದರೂ ನೆಟ್ಟಗೆ ಕೇಳಿಸಿಕೊಳ್ಳಬೇಕು ಎಂದುಕೊಂಡು ಅವನು ಟೈರಿನ ಅಂಗಡಿಗೆ ಹೋದ.

ಆ ಅಂಗಡಿ ಗಂಡ ಹೆಂಡತಿ ಇಬ್ಬರದು. ನಡೆಸುತ್ತಿದ್ದವಳು ಹೆಂಡತಿ. ಗಂಡ ಒಳಗೆ ಜಾಕಿನ ಹತ್ತಿರ ಬಗ್ಗಿಕೊಂಡಿರುತ್ತಿದ್ದ. "ಟೈರಿಗೆ ಗಾಳಿ ಅವರದು, ಗಾಳಿಸುದ್ದಿ ನಂದು" ಎಂದು ಆಕೆಯೇ ಹೇಳಿಕೊಳ್ಳುತ್ತಿದ್ದಳು.

"ಬನ್ನಿ ತೂಕಣ್ಣ. ಏನೋ ಗುರ್ ಅಂತು, ಹುಲಿ ಬಂತು ಅಂದ್ಕೊಂಡೆ. ನೋಡಿದ್ರೆ ನಿಮ್ಮ ಗಾಡಿ!"

"ಸದ್ದು ಮಾಡದ ಟೈರು ಬೇಕು."

"ಸದ್ದೇ ಬೇಡ ಅಂದ್ರೆ ಗಾಡೀನ ಮನೇಲಿ ನಿಲ್ಸಿ. ಓಡೋದು ಅಂದ್ಮೇಲೆ ಸದ್ದು ಇರತ್ತೆ. ಕಮ್ಮಿ ಸದ್ದಿಂದು ಕೊಡ್ತೀನಿ. ಕೆಸರಲ್ಲಿ ಹೋಗ್ತೀರಾ?"

"ಇಲ್ಲ."

"ಗುಡ್ಡ?"

"ಹೆದ್ದಾರಿ. ಬಿಟ್ರೆ ಗೋದಾಮಿನ ಅಂಗಳ."

"ಮತ್ಯಾಕೆ ಇದು? ಪಕ್ಕದ್ಮನೆಗೆ ಹೋಗೋಕೆ ಯುದ್ಧದ ಬೂಟು ಹಾಕ್ಕೊಂಡಂಗೆ." ಆಕೆ ಹಳೆಯ ಟೈರಿನ ಮೇಲೆ ಅವನ ಅಂಗೈಯನ್ನೇ ಆಡಿಸಿದಳು. ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸ. "ನೋಡಿದ್ರಾ? ಓರೆಯಾಗಿ ಸವೆದಿದೆ. ಅದಕ್ಕೇ ಇಷ್ಟು ಗಲಾಟೆ."

ಗೋಡೆಗೆ ಒರಗಿದ್ದ ಟೈರುಗಳನ್ನು ಒಂದೊಂದಾಗಿ ಉರುಳಿಸಿ ತಂದಳು. ಒಂದು ಬಹಳ ಮೆತ್ತಗಿನದು, ಸದ್ದೂ ಕಮ್ಮಿ, ಆದರೆ ಬೇಸಿಗೆಗೆ ಮಾತ್ರ. ಚಳಿಗೆ ಮರದ ಹಾಗೆ ಬಿಗಿಯುತ್ತದೆ. ಇನ್ನೊಂದರ ಒಳಮೈಗೆ ಸ್ಪಂಜು ಅಂಟಿಸಿದೆ, ಮೌನಕ್ಕೆ ಅದರಂಥದ್ದಿಲ್ಲ, ಆದರೆ ದಾರಿಯಲ್ಲಿ ಪಂಕ್ಚರ್ ಆದರೆ ರಿಪೇರಿಗೆ ಎಲ್ಲ ಅಂಗಡಿಯವರೂ ಕೈಹಾಕುವುದಿಲ್ಲ. ಮೂರನೆಯದು ಎಲ್ಲ ಕಾಲಕ್ಕೂ ಆಗುವಂಥದ್ದು. ನೀರು ಹರಿಯಲು ಉದ್ದನೆಯ ಗೀರು, ಅಂಚಿನ ಸಂದು ಹೆಚ್ಚುಕಡಿಮೆ ಮುಚ್ಚಿಕೊಂಡಿದೆ, ಗಟ್ಟಿಗಳು ಒಂದು ದೊಡ್ಡದು, ಒಂದು ಸಣ್ಣದು.

"ಇದೇನು, ಅಳತೆಯೇ ಇಲ್ವಲ್ಲ?" ಎಂದ ತೂಕಣ್ಣ. ಅಳತೆ ತಪ್ಪಿದ್ದು ಕಂಡರೆ ಅವನ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

"ಬೇಕೂಂತ್ಲೇ ಹಂಗೆ ಮಾಡಿರೋದು. ಹತ್ತು ಜನ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆದ್ರೆ ಬೀದಿಗೆಲ್ಲ ಕೇಳತ್ತೆ. ಒಬ್ಬೊಬ್ರು ಒಂದೊಂದು ಸಲ ತಟ್ಟಿದ್ರೆ? ಗುಜುಗುಜು ಅಷ್ಟೇ."

"ಗಾಡೀಲಿರೋ ಬಟ್ಟಿನ ಭಾರ ಎಷ್ಟು ಕೇಳೇ!" ಎಂದ ಗಂಡ ಒಳಗಿನಿಂದ.

"ಗೊತ್ತು ರೀ, ಈ ಟೈರು ತಡ್ಕೊಳ್ಳತ್ತೆ! ಅವರು ಬಾಯಿ ಬಿಡೋದು ವರ್ಷಕ್ಕೊಂದ್ಸಲ, ಅದೂ ಭಾರದ ಮಾತೇ." ನಕ್ಕು ಅವನತ್ತ ತಿರುಗಿದಳು. "ಅಲ್ಲ, ನಿಮಗ್ಯಾಕಣ್ಣ ಮೌನದ ಹುಚ್ಚು? ನೀವೇ ಒಂದು ಮೌನ. ಹಾಡು ಕೇಳ್ತೀರಾ?"

"ನಮ್ಮಕ್ಕ ಫೋನ್ ಮಾಡ್ತಾಳೆ. ದನಿ ಹೋಗ್ತಾ ಇದೆ. ಈಗ ಕೇಳಿಸ್ಕೊಂಡ್ರೇ ಉಂಟು."

"ಗಾಡಿ ನಿಲ್ಸಿ ಮಾತಾಡ್ಬಹುದಲ್ಲ?"

"ನಿಲ್ಸಿದ್ರೆ ಅವಳಿಗೆ ಗೊತ್ತಾಗ್ಬಿಡತ್ತೆ. ಕೆಲಸಕ್ಕೆ ತಡ ಆಗತ್ತೆ ಅಂತ ಇಟ್ಬಿಡ್ತಾಳೆ."

ಆಕೆ ಮುಂದೆ ತಮಾಷೆ ಮಾಡಲಿಲ್ಲ. ಮೂರನೆಯ ಟೈರನ್ನೇ ಒಳಗೆ ಉರುಳಿಸಿಕೊಂಡು ಹೋದಳು. "ರೀ, ಬ್ಯಾಲೆನ್ಸು ಸರಿಯಾಗಿ ನೋಡಿ. ಅಲೈನ್‌ಮೆಂಟೂ. ಅರ್ಜೆಂಟ್ ಮಾಡ್ಬೇಡಿ" ಎನ್ನುವುದು ಹೊರಗೆ ಕೇಳಿಸಿತು.

ಮರುದಿನ ಹೆದ್ದಾರಿಗೆ ಇಳಿದಾಗ ತೂಕಣ್ಣನಿಗೆ ಗಾಬರಿಯೇ ಆಯಿತು. ಗಾಡಿಯೊಳಗೆ ಇಷ್ಟೊಂದು ವಸ್ತುಗಳಿವೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಬಾಗಿಲ ಚೀಲದಲ್ಲಿ ಪೆನ್ನೊಂದು ಹೊರಳುತ್ತಿತ್ತು. ಹಿಂದೆ ಎರಡು ಬಟ್ಟುಗಳು ಒಂದಕ್ಕೊಂದು ಮೆಲ್ಲಗೆ ತಾಗುತ್ತಿದ್ದವು. ಅವನ ಮೂಗಿನ ಉಸಿರು ಅವನಿಗೇ ಕೇಳುತ್ತಿತ್ತು, ಪಕ್ಕದ ಸೀಟಿನಲ್ಲಿ ಯಾರೋ ಕೂತ ಹಾಗೆ. ಯಾರೂ ಇರಲಿಲ್ಲ.

ಅಕ್ಕನ ಫೋನ್ ಬಂತು.

"ಯಾಕೋ, ಗಾಡಿ ನಿಲ್ಸಿದೀಯಾ? ಇಡ್ತೀನಿ ಹಾಗಾದ್ರೆ."

"ಇಲ್ಲಕ್ಕ, ಓಡ್ತಿದೆ. ಟೈರು ಬದಲಾಯ್ಸಿದೆ."

"ಓಹೋ. ಗೊರಕೆ ನಿಲ್ತಾ ಅದರದ್ದು?" ಅಕ್ಕ ನಕ್ಕಳು. ನಗು ಒಣ ಎಲೆಯ ಸದ್ದಿನ ಹಾಗಿತ್ತು, ಆದರೆ ಪೂರ್ತಿ ಕೇಳಿಸಿತು. "ಇವಳು ರಾತ್ರಿಯೆಲ್ಲ ಹೊಡೀತಾಳೆ. ಅವಳ ಗೊರಕೆ ಅವಳಿಗೇ ಕೇಳ್ಸಲ್ಲ, ಪುಣ್ಯವಂತೆ."

"ಯಾರು?"

"ಯಾರು ಅಂದ್ರೆ? ನನ್ನ ಜೊತೆ ಟಿಕೆಟ್ ಕೌಂಟರಲ್ಲಿದ್ಳಲ್ಲ, ಅವಳು. ಅವಳ ಮನೆಗೆ ಬಂದಿದೀನಿ ಅಂತ ಹೇಳಿದ್ನಲ್ಲೋ. ಹೂಂ ಅಂದ್ಯಲ್ಲ. ಅಷ್ಟೇನಾ ಅಂತ ಕೇಳಿ ನಾನೇ ಇಟ್ಟೆ."

ತೂಕಣ್ಣ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದ. "ನಿನ್ನ ಮನೆ?"

"ಬಿಟ್ಟೆ. ಒಬ್ಬಳೇ ಇರಕ್ಕೆ ಭಯ ಆಗೋಕೆ ಶುರುವಾಯ್ತು ಕಣೋ. ಬಿದ್ರೆ ಕೂಗೋಕೆ ದನಿ ಇಲ್ವಲ್ಲ. ಅದಕ್ಕೇ ನಿನ್ನ ಮೊದ್ಲು ಕೇಳ್ದೆ."

"ನನ್ನ ಏನು ಕೇಳ್ದೆ?"

"ಚಳಿಗಾಲ್ದಲ್ಲಿ ಕೇಳ್ಲಿಲ್ವಾ? ಬರ್ಲಾ ಅಂತ."

ಅವನಿಗೆ ನೆನಪಾಯಿತು. ಟೈರಿನ ಗದ್ದಲದ ನಡುವೆ ಆ ಒಂದು ಮಾತು ಸ್ಪಷ್ಟವಾಗಿಯೇ ಕೇಳಿಸಿತ್ತು: ಬರ್ಲಾ? ಹೊರಡುವಾಗ ನಮ್ಮಲ್ಲಿ ಯಾರೂ ಹೋಗ್ತೀನಿ ಎನ್ನುವುದಿಲ್ಲ. ಹೋಗುವವರೆಲ್ಲ ಬರ್ತೀನಿ ಎಂದೇ ಹೋಗುತ್ತಾರೆ. ಅಕ್ಕ ಮಾತು ಮುಗಿಸುತ್ತಿದ್ದಾಳೆ ಎಂದುಕೊಂಡು ಅವನು, "ಹೂಂ ಅಕ್ಕ, ಆಯ್ತು" ಎಂದು ತಾನೇ ಫೋನ್ ಇಟ್ಟುಬಿಟ್ಟಿದ್ದ.

"ನಾನು... ಹೊರಡ್ತೀನಿ ಅಂತಿದೀಯ ಅಂದ್ಕೊಂಡೆ."

"ಫೋನಲ್ಲಿ ಎಲ್ಲಿಗೋ ಹೊರಡ್ತಾರೆ, ಪೆದ್ದ? ಇಡ್ಲಾ ಅಂತಾರೆ. ನಾನು ಯಾವತ್ತಾದ್ರೂ ಬರ್ಲಾ ಅಂದು ಫೋನ್ ಇಟ್ಟಿದೀನಾ?" ಅಕ್ಕನ ದನಿ ಎರಡು ಸಲ ಕಡಿದು ಮತ್ತೆ ಕೂಡಿತು. "ಬಟ್ಟೆಬರೆ ಎಲ್ಲ ಕಟ್ಟಿಟ್ಟೆ. ಕರ್ಕೊಂಡು ಹೋಗೋಕೆ ಬರ್ತೀಯ ಅಂತ ಕಾದೆ. ನೀನು ಆ ಮಾತೇ ಎತ್ತಲಿಲ್ಲ. ಬಾಯಲ್ಲಿ ಹೂಂ ಅಂದ, ಮನಸ್ಸಲ್ಲಿ ಇಲ್ವೇನೋ ಅಂದ್ಕೊಂಡೆ. ಎರಡನೇ ಸಲ ಕೇಳೋಕೆ ಮುಖ ಬರ್ಲಿಲ್ಲ."

"ಈಗ ಬಾ ಅಕ್ಕ. ಒಂದು ಕೋಣೆ ಖಾಲಿ ಬಿದ್ದಿದೆ. ಇವತ್ತೇ ಬರ್ತೀನಿ, ಈ ಕಡೆಯಿಂದಾನೇ ತಿರುಗಿಸ್ತೀನಿ."

"ಬೇಡ ಕಣೋ." ಅವಳು ಸಮಾಧಾನವಾಗಿ, ಹಿಂದೆ ಮೈಕಿನ ಮುಂದೆ ಹೇಳುತ್ತಿದ್ದ ಹಾಗೆಯೇ ಹೇಳಿದಳು. "ಅವಳೂ ಒಬ್ಬಳೇ ಇದ್ಳು. ಇಲ್ಲೇ ಇರ್ತೀನಿ ಅಂತ ಮಾತು ಕೊಟ್ಟಿದೀನಿ. ಅವಳಿಗೆ ಕಿವಿ ಇಲ್ಲ, ನನಗೆ ದನಿ ಇಲ್ಲ, ಜಗಳ ಹುಟ್ಟೋಕೆ ದಾರೀನೇ ಇಲ್ಲ. ನಿನಗೆ ಬೇಜಾರಾ?"

"ತಪ್ಪು ನಂದೇ ಅಕ್ಕ. ನಂಗೆ ನೀನು ಬರ್ಬೇಕಿತ್ತು." ಇಷ್ಟುದ್ದದ ಮಾತನ್ನು ಅವನು ಯಾರ ಹತ್ತಿರವೂ ಆಡಿ ಎಷ್ಟೋ ಕಾಲವಾಗಿತ್ತು.

"ಗೊತ್ತಾಯ್ತಲ್ಲ, ಸಾಕು. ದನಿ ಮುಗೀತು ಇವತ್ತಿಂದು. ಇಡ್ತೀನಿ."

ಇಟ್ಟಳು. ಆದರೆ ಫೋನನ್ನು ಕೆಳಗಿಟ್ಟಳೇ ಹೊರತು ಕಟ್ ಮಾಡಲು ಮರೆತಿದ್ದಳು. ಕುರ್ಚಿ ಎಳೆದ ಸದ್ದು ಬಂತು. ಚಪ್ಪಲಿ ಎಳೆಯುತ್ತ ನಡೆದದ್ದು. ಎಲ್ಲೋ ನಲ್ಲಿ ತಿರುಗಿಸಿದ್ದು, ನೀರು ಪಾತ್ರೆಗೆ ಬಿದ್ದದ್ದು. ಕಿವಿ ಕೇಳದ ಹೆಂಗಸು ಏನೋ ಜೋರಾಗಿ ಹೇಳಿ ತಾನೇ ನಕ್ಕದ್ದು. ಆ ನಲ್ಲಿ ಕೋಣೆಯ ಯಾವ ಮೂಲೆಗಿದೆ, ಅಕ್ಕನ ಮಂಚದ ಪಕ್ಕ ಕಿಟಕಿಯಿದೆಯೇ, ತೂಕಣ್ಣನಿಗೆ ಒಂದೂ ಗೊತ್ತಿರಲಿಲ್ಲ. ಗೋದಾಮಿಗೆ ಹೊರಳುವ ದಾರಿ ಹತ್ತಿರವಾಗುತ್ತಿತ್ತು. ಅವನು ಗಾಡಿಯ ವೇಗವನ್ನು ಒಂದಿಷ್ಟು ತಗ್ಗಿಸಿದ. ಆ ಕಡೆ ಅಕ್ಕ ಯಾವುದೋ ಡಬ್ಬಿಯ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದಳು. ಅದು ಬಿಚ್ಚಿಕೊಂಡ ಸದ್ದು ಕೇಳುವವರೆಗೂ ಅವನು ಉಸಿರು ಬಿಡಲಿಲ್ಲ.