ವಂದನಾರ್ಪಣೆ ಮಾಡದ ಲಗಮಪ್ಪ

ಕಟಕೋಳದ ಲಗಮಪ್ಪನಿಗೆ ನಾಗರಿಕತೆಗಳ ಹುಚ್ಚು ಹಿಡಿದದ್ದು ನಡುವಯಸ್ಸಿನಲ್ಲಿ. ಕಾಲು ಮುರಿದುಕೊಂಡು ಮಳೆಗಾಲವಿಡೀ ಮನೆಯಲ್ಲಿ ಬಿದ್ದಿದ್ದಾಗ, ಸವದತ್ತಿಯ ಬಟ್ಟೆ ವ್ಯಾಪಾರಿ ನಿಜಗುಣಪ್ಪ ಹೊತ್ತು ಹೋಗಲೆಂದು ಒಂದು ದಪ್ಪ ಪುಸ್ತಕ ಕೊಟ್ಟುಹೋಗಿದ್ದ. ಅದರ ತುಂಬ ಅದೇ ಕಥೆ: ನದಿಯ ದಂಡೆಗೆ ಊರು ಹುಟ್ಟುವುದು, ಕೋಟೆ ಏಳುವುದು, ಕೊನೆಗೆ ಎಲ್ಲ ಮಣ್ಣಾಗುವುದು. ಲಗಮಪ್ಪ ಊಟ ಮರೆತು ಓದಿದ. ಕಾಲು ಕೂಡಿದ ಮೇಲೂ ಚಟ ಬಿಡಲಿಲ್ಲ. ಸಂತೆಗೆ ಹೋದವನು ನಿಜಗುಣಪ್ಪನ ಅಂಗಡಿಯ ಗಾದಿಯ ಮೇಲೆ ಕೂತು ರೋಮು, ಬಾಬಿಲೋನು ಎಂದು ಮಾತಿಗಿಳಿದರೆ, ಗಿರಾಕಿಗಳು ಸೀರೆ ನೋಡುವುದು ಬಿಟ್ಟು ಕೇಳುತ್ತಿದ್ದರು.

ಇಬ್ಬರೂ ಸೇರಿ ಓದುಗರ ಬಳಗ ಕಟ್ಟಿದರು. ಹೋದ ವರ್ಷ, ಇಂಥ ಪುಸ್ತಕಗಳಿಂದಲೇ ಹೆಸರಾದ ಲೇಖಕರೊಬ್ಬರನ್ನು ಸವದತ್ತಿಗೆ ಕರೆಸುವುದೆಂದಾಯಿತು. ವಂದನಾರ್ಪಣೆ ಲಗಮಪ್ಪನ ಪಾಲಿಗೆ ಬಂತು.

ಅವನು ಅವರ ಹೊಸ ಪುಸ್ತಕ ತರಿಸಿ, ಪಡಸಾಲೆಯಲ್ಲಿ ಉಣ್ಣೆ ನೂಲುತ್ತಿದ್ದ ತಾಯಿ ಬೀರವ್ವನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಒಂದು ಕಡೆ ನಾಲಿಗೆ ತಡೆಯಿತು. ‘ನೆಲೆಯಿಲ್ಲದ ಕುರಿಗಾಹಿಗಳು ಮಿಡತೆಗಳಂತೆ ಬಂದರು. ಕಟ್ಟುವುದು ಅವರಿಗೆ ಗೊತ್ತಿರಲಿಲ್ಲ, ಕೆಡಿಸುವುದು ಅವರ ರಕ್ತದಲ್ಲೇ ಇದೆ.’

“ಯಾಕ ನಿಂದ್ರಿಸಿದಿ?” ಎಂದಳು ಬೀರವ್ವ.

“ಏನಿಲ್ಲ ಯವ್ವಾ.”

ಗಂಡನ ಜೊತೆ ಕುರಿ ಹೊಡೆದುಕೊಂಡು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಊರೂರು ತಿರುಗಿದವಳು ಅವಳು. ಆ ಕೂಸು ಲಗಮಪ್ಪನೇ. ಹಿಕ್ಕೆ ಗೊಬ್ಬರವಾಗಲೆಂದು ರೈತರೇ ಕರೆದು, ರೊಟ್ಟಿ ಕೊಟ್ಟು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಅಂಥವಳ ಎದುರು ಆ ಸಾಲು ಹೇಗೆ ಓದುವುದು? ಅವನಿಗೆ ಮೈಯೆಲ್ಲ ಉರಿದುಹೋಯಿತು.

ಕಾರ್ಯಕ್ರಮದ ದಿನ ಲೇಖಕರು ವೇದಿಕೆಯ ಮೇಲೂ ಅದೇ ಮಾತು ಆಡಿದರು. ಸಭೆ ಚಪ್ಪಾಳೆ ತಟ್ಟಿತು. ಲಗಮಪ್ಪ ಮೈಕಿನ ಮುಂದೆ ಬಂದ.

“ಸಾಹೇಬ್ರ, ರಾಜರು ಊರ ಸುಟ್ರ ದಿಗ್ವಿಜಯ ಅಂತ ಬರದೀರಿ. ನಾವು ಕುರಿ ಹೊಡಕೊಂಡು ಬಂದ್ರ ವಿನಾಶ ಅಂತೀರಿ. ರಕ್ತದಾಗ ಐತಿ ಅಂದ್ರಲ್ಲ, ನಮ್ಮವ್ವನ ರಕ್ತದಾಗ ಏನೈತಿ ನೋಡೀರೇನು?”

ಲೇಖಕರು ನಕ್ಕರು. “ಭಾವುಕರಾಗಬೇಡಿ. ಅದು ಎಲ್ಲೋ ದೂರದ ದೇಶದ ಮಾತು. ಜನ ಓದಬೇಕೆಂದರೆ ಸ್ವಲ್ಪ ಬಣ್ಣ ಬೇಕಾಗುತ್ತೆ. ಮುಂದಿನ ಮುದ್ರಣದಲ್ಲಿ ನೋಡೋಣ.”

“ಬಣ್ಣ ಬಳ್ಯಾಕ ನಮ್ಮ ಮಾರೀನ ಬೇಕಾತೇನ್ರಿ?”

ಯಾರೋ ಮೈಕ್ ಬಂದ್ ಮಾಡಿದರು. ವಂದನೆ ಯಾರಿಗೂ ಸಲ್ಲಲಿಲ್ಲ.

ಹೊರಗೆ ನಿಜಗುಣಪ್ಪ ಕೆಂಡವಾಗಿದ್ದ. “ಕರದ ಅತಿಥಿಗೆ ಹಿಂಗ ಮಾಡೂದನ? ನನ್ನ ಮಾನಾ ಕಳದಿ.”

“ನಿಮ್ಮ ಮಾನಾ ಈ ಸಭಾದಾಗ ಹೋತ್ರಿ ಸಾವ್ಕಾರ್ರ. ನಮ್ಮದು ಅಚ್ಚಾಗಿ ಪ್ಯಾಟ್ಯಾಗ ಮಾರಾಕ ಹತ್ತೈತಿ.”

ಆಮೇಲೆ ಲಗಮಪ್ಪ ಆ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಬಳಗವೂ ಚದುರಿತು. ಆದರೆ ಓದುವುದನ್ನು ಅವನು ಬಿಡಲಿಲ್ಲ. ಬೇರೆ ಲೇಖಕರ ಪುಸ್ತಕಗಳಲ್ಲೂ ಕುರಿ ಕಾಯುವವರು ಯಾವ ಪುಟದಲ್ಲಿ, ಎಂಥ ಮಾತಿನ ಜೊತೆ ಬರುತ್ತಾರೆಂದು ಹುಡುಕುವನು, ಹಲ್ಲು ಕಚ್ಚುವನು, ಮುಂದಿನ ಪುಟ ತಿರುವುವನು.

ಈ ಬೇಸಿಗೆಯಲ್ಲಿ ಒಂದು ಸಂಜೆ ನಿಜಗುಣಪ್ಪನ ಮೋಟಾರ್‌ಸೈಕಲ್ ಕಟಕೋಳದ ಮನೆಯ ಮುಂದೆ ನಿಂತಿತು. ಕೈಯಲ್ಲಿ ಅದೇ ಪುಸ್ತಕದ ಹೊಸ ಮುದ್ರಣ. ಒಳಗೆ ಬರುವ ಮೊದಲೇ ಕೂಗಾಡಿದ: “ಒಂದಕ್ಷರ ಬದಲ ಮಾಡಿಲ್ಲೋ ಲಗಮಪ್ಪಾ! ಅಷ್ಟ ಮಂದಿ ಎದುರು ‘ನೋಡೋಣ’ ಅಂದಿದ್ದ. ನಮ್ಮನ್ನೇನು ಹುಚ್ಚರಂತ ತಿಳದಾನೇನು ಅಂವಾ?”

ಬೀರವ್ವ ಹೊರಬಂದಳು. “ಕುಂದರ್ರಿ ಸಾವ್ಕಾರ್ರ. ಏನಂತ ಬರದಾನ? ನೀವರ ಹೇಳ್ರಿ, ಇಂವಾ ಮುಚ್ಚಿಡಾಕ ಹತ್ಯಾನ.”

ನಿಜಗುಣಪ್ಪ ಲಗಮಪ್ಪನ ಮುಖ ನೋಡಿದ. ಲಗಮಪ್ಪನೇ ಪುಸ್ತಕ ಇಸಿದುಕೊಂಡು ಓದಿದ, ಒಂದು ಪದವನ್ನೂ ಬಿಡದೆ.

“ಅಂವನ್ನ ಮತ್ತ ಕರಸ್ರಿ,” ಎಂದಳು ಮುದುಕಿ. “ನಾ ಬಂದು ಮುಂದ ಕುಂದರತೇನಿ. ನನ್ನ ಮಾರಿ ನೋಡಕೋತ ಓದ್ಲಿ.”

ಬಳಗ ಮತ್ತೆ ಕೂಡಿದೆ. ಕರೆದಾಗಲೆಲ್ಲ ಲೇಖಕರಿಗೆ ಬಿಡುವಿಲ್ಲವಂತೆ. ಬೀರವ್ವ ಬಿಡುವವಳಲ್ಲ. ಮಗ ಸವದತ್ತಿಯಿಂದ ಬಂದ ಕೂಡಲೇ ಕೇಳುತ್ತಾಳೆ: “ಯಾವಾಗ ಬರತಾನಂತ?”